ಸಾಕು ಎಂದವರಿಗೆ ಇನ್ನೊಂದು ಹೋಳಿಗೆ

ಗದಗ, ಎರಡನೇ ಶ್ರಾವಣದ ನಲವತ್ತೊಂದನೇ ದಿನ, ೨೩೧೬

ಮುನ್ನೂರು ವರ್ಷದಾಚೆ ಇರುವ ನನ್ನ ಹಿರಿಯರಿಗೆ ನೀಲಗಂಗಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳುಗಳು ನಿಮ್ಮವಕ್ಕಿಂತ ಉದ್ದ. ಕೆಲವು ಪದಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಬಿಟ್ಟುಹೋದದ್ದನ್ನೇ ನಾನೀಗ ಕಲಿಯುತ್ತಿದ್ದೇನೆ, ಅದಕ್ಕೇ ನಿಮಗೆ ಬರೆಯಬೇಕೆನಿಸಿತು.

ನಮ್ಮಲ್ಲಿ ‘ಅಂದಿನೂರು’ ಎಂಬ ಪಾರ್ಕ್ ಇದೆ. ನೀವು ಹೇಗೆ ಬದುಕಿದ್ದಿರಿ ಎಂಬುದನ್ನು ಅಲ್ಲಿ ಕಲಾವಿದರು ಆಡಿ ತೋರಿಸುತ್ತಾರೆ. ನಿಮ್ಮ ಟ್ರಾಫಿಕ್ ಜಾಮ್‌ಗೇ ಎಲ್ಲಕ್ಕಿಂತ ಉದ್ದದ ಕ್ಯೂ. ಮಕ್ಕಳು ಹಾರನ್ ಒತ್ತಿ ಒತ್ತಿ, ಇಳಿಯಲೊಲ್ಲೆವೆಂದು ಅಳುತ್ತವೆ. ಅದು ಬಿಟ್ಟರೆ ಮದುವೆ ಊಟದ ಪಂಕ್ತಿ. ಅದರಲ್ಲಿ ಹೋಳಿಗೆ ಬಡಿಸುವವಳ ಪಾತ್ರ ಎಷ್ಟೋ ವರ್ಷ ನನ್ನ ಅವ್ವನದಾಗಿತ್ತು. ಹೋದ ವರ್ಷ ಅವ್ವ ತೀರಿಕೊಂಡಳು. ನಾಳೆ ಆ ಪಾತ್ರಕ್ಕೆ ಆಯ್ಕೆ; ಪಂಕ್ತಿಗೆ ಬಡಿಸಿ ತೋರಿಸಬೇಕು, ನಾನೂ ಹೆಸರು ಕೊಟ್ಟಿದ್ದೇನೆ. ಅದು ಬೇರೆ ಯಾರಿಗೋ ಹೋಗುವುದನ್ನು ನೋಡುವ ಶಕ್ತಿ ನನಗಿಲ್ಲ.

ಸೀರೆ ಉಡುವುದು, ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಬಾಗುವುದು ಬೇಗ ಬಂತು. ಬಾರದ್ದು ಒತ್ತಾಯ. ನಮ್ಮ ಕಾಲದ ದೊಡ್ಡ ಮರ್ಯಾದೆಯ ಹೆಸರು ‘ಒಮ್ಮಾತು’: ಒಬ್ಬರು ಬೇಡ ಎಂದರೆ ಎರಡನೇ ಸಲ ಕೇಳಬಾರದು. ಅದರಿಂದ ಒಳ್ಳೆಯದೂ ಬಹಳ ಆಗಿದೆ, ಹಳಿಯಲಾರೆ. ಊಟಕ್ಕಂತೂ ಎಲ್ಲರ ಕೈಯಲ್ಲಿ ‘ತುತ್ತುಬಳೆ’ ಇರುತ್ತದೆ. ದೇಹಕ್ಕೆ ಬೇಕಾದಷ್ಟು ಒಳಗೆ ಹೋದೊಡನೆ ಕೆಂಪಗೆ ಮಿನುಗುತ್ತದೆ, ನಾವು ಏಳುತ್ತೇವೆ. ಹೀಗೆ ಬೆಳೆದ ನನಗೆ ತಾಲೀಮಿನಲ್ಲಿ ಅತಿಥಿ ಸಾಕು ಎಂದ ಕೂಡಲೇ ಕಾಲು ತಾನಾಗಿ ಮುಂದಿನ ಎಲೆಗೆ ಹೋಗುತ್ತಿತ್ತು. ಕಲಿಸುವ ಗುರುಸಿದ್ದವ್ವನವರು ಹಣೆ ಹಣೆ ಬಡಿದುಕೊಂಡರು.

“ಏನವ್ವಾ, ಬಡಸಾಕತ್ತೀಯೋ, ಎದ್ದು ಕೈ ತೊಳಕೋರಿ ಅನ್ನಾಕತ್ತೀಯೋ? ಸಾಕು ಅಂದಾಗ ಬಾಯಿ ನೋಡಬ್ಯಾಡ, ಕೈ ನೋಡು. ಎರಡೂ ಕೈ ಅಡ್ಡ ಹಿಡಿದು ಎಲೀ ಮ್ಯಾಲೆ ಬಗ್ಗಿದ್ರ ಖರೇನ ಸಾಕು. ಒಂದ ಕೈ, ಅದೂ ಬೆರಳ ಬಿಟ್ಟು ಹಿಡಿದ್ರ, ಹಾಕು.”

ಮನೆಯಲ್ಲಿ ನನ್ನ ತಾಲೀಮಿನ ಅತಿಥಿ ಅಪ್ಪ. ಅವ್ವ ಹೋದಾಗಿನಿಂದ ಅವನು ಬಳೆ ಮಿನುಗುವ ಎಷ್ಟೋ ಮೊದಲೇ ಎದ್ದುಬಿಡುತ್ತಾನೆ. ಅಂಗಿಯೆಲ್ಲ ಸಡಿಲವಾಗಿದೆ. ಬೇಡ ಎಂದವನನ್ನು ಮತ್ತೆ ಕೇಳುವುದು ಮರ್ಯಾದೆಯಲ್ಲವೆಂದು ನಾನು ಸುಮ್ಮನಿರುತ್ತಿದ್ದೆ.

ಇವತ್ತು ಮಧ್ಯಾಹ್ನ ಒಂದು ಹೋಳಿಗೆ ತಿಂದು, ಎಲೆಗೆ ಕೈ ಅಡ್ಡ ಹಿಡಿದು “ಸಾಕವ್ವಾ” ಎಂದ. ಒಂದೇ ಕೈ. ಬೆರಳುಗಳ ನಡುವೆ ಎಲೆಯ ಹಸಿರು ಕಾಣುತ್ತಿತ್ತು. ವರ್ಷದಿಂದ ಆ ಕೈ ಹಾಗೇ ಇತ್ತೋ ಏನೋ.

“ನನ್ನಾಣಿ ಅದ ಅಪ್ಪಾ, ಇದೊಂದ” ಎಂದು ಆ ಕೈ ಸರಿಸಿ ಹೋಳಿಗೆ ಹಾಕಿಬಿಟ್ಟೆ.

ಬೈಯುತ್ತಾನೆಂದುಕೊಂಡಿದ್ದೆ. ಅಪ್ಪ ತುತ್ತುಬಳೆ ಬಿಚ್ಚಿ ಪಕ್ಕಕ್ಕಿಟ್ಟ. “ನಿಮ್ಮವ್ವನೂ ಹಿಂಗ. ಯಾರ ಮಾತೂ ಕೇಳ್ತಿದ್ದಿಲ್ಲ” ಎಂದ. ನಾನು ಬುಟ್ಟಿ ಹಿಡಿದು ನಿಂತಿದ್ದರೆ, ತಲೆ ಎತ್ತಿ ಗದರಿಸಿದ: “ಹೋಳಿಗಿ ಹಾಕಿದಿ. ತುಪ್ಪಾ ಯಾರ ಹಾಕ್ತಾರ?”

ನಾಳೆ ಪಾತ್ರ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೂ ನಾಡಿದ್ದು ಮನೆಯಲ್ಲಿ ಹೂರಣ ರುಬ್ಬುವುದು ಖಂಡಿತ. ನಿಮ್ಮಲ್ಲಿ ಒಂದೇ ಬಿನ್ನಹ: ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ ಸಾಕು ಎಂದರೆ, ಮುಂದೆ ಹೋಗುವ ಮುನ್ನ ಅವರ ಕೈ ನೋಡಿ. ನೀವು ಮರೆತರೆ ನಮಗೆ ಕಲಿಸುವವರು ಇರುವುದಿಲ್ಲ.

ನನ್ನನ್ನು ಹರಸಿ. ನಾಳೆ ಪಂಕ್ತಿಯ ಕೊನೆಯ ಎಲೆಗೆ ಅಪ್ಪನೂ ಬಂದು ಕೂರುತ್ತಾನಂತೆ, ಬಳೆ ಮನೆಯಲ್ಲೇ ಬಿಟ್ಟು.

ನಿಮ್ಮ ಮನೆಯ ಮಗಳು,
ನೀಲಗಂಗಾ