‘ಅಗತ್ಯವಿಲ್ಲ’ ಎಂದು ಬರೆಯಲಾದ ರಕ್ತಪರೀಕ್ಷೆ

ಆರೋಗ್ಯ ಶಿಬಿರಗಳ ಉಸ್ತುವಾರಿ ಹೊತ್ತ ಮಾನ್ಯರೇ,

ನಿಮ್ಮ ಶಿಬಿರದ ದಾಖಲೆಯಲ್ಲಿ ನನ್ನ ಗಂಡ ಇನಾಸ ಸಿದ್ದಿ ಇಂದಿಗೂ ಸದೃಢ ವ್ಯಕ್ತಿ. ಅವರನ್ನು ಮಣ್ಣು ಮಾಡಿ ಐದು ತಿಂಗಳಾಯಿತು.

ಅವರು ಹಳಿಯಾಳದ ಕಡೆಯವರು. ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ಬಂದವರ ವಂಶ. ಹದಿನೈದು ವರ್ಷ ತೆರಕಣಾಂಬಿಯ ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತರು. ಭೀಮನಬೀಡಿನ ಅಂಗನವಾಡಿ ಶಿಕ್ಷಕಿಯಾದ ನಾನು ಅವರನ್ನು ಮದುವೆಯಾದಾಗ ಊರವರು ಬಣ್ಣದ ಬಗ್ಗೆ ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಆ ಮಾತುಗಳಿಂದ ಅವರು ಸಾಯಲಿಲ್ಲ. ಸಾಯಿಸಿದ್ದು ಹೊಗಳಿಕೆ.

ಕಳೆದ ವರ್ಷ ನಿಮ್ಮ ಶಿಬಿರ ನಮ್ಮೂರಿಗೆ ಬಂತು. ನನ್ನ ಗಂಡನ ಕಣ್ಣರೆಪ್ಪೆಯ ಮೇಲೆ ಕೊಬ್ಬಿನ ಹಳದಿ ಗಂಟುಗಳಿದ್ದವು. ತಾಯಿ ನಲವತ್ತಾರಕ್ಕೆ, ಅಣ್ಣ ಮೂವತ್ತೊಂಬತ್ತಕ್ಕೆ ಎದೆನೋವಿನಿಂದ ಹೋದವರು. ಇಷ್ಟನ್ನೂ ಹೇಳಿ, ಕೊಲೆಸ್ಟ್ರಾಲ್ ನೋಡಿ ಎಂದು ಕೇಳಿಕೊಂಡೆ. ನಿಮ್ಮ ಸಿಬ್ಬಂದಿ ಅವರ ತೋಳನ್ನು ಅದುಮಿ ನೋಡಿ ನಕ್ಕರು.

“ಇವ್ರಿಗೇನಾದದು ಬುಡಮ್ಮ. ಕಾಡ್ ಜನ, ಕಬ್ಣದ ಮೈ. ಕೊಬ್ಬೆಲ್ಲ ಕೂತ್ಕಂಡ್ ತಿನ್ನೋರ್ಗೆ.”

ನನ್ನ ಗಂಡನೂ ನಕ್ಕರು. ರಕ್ತಪರೀಕ್ಷೆಯ ಮುಂದೆ ‘ಅಗತ್ಯವಿಲ್ಲ’ ಎಂದು ಬಿತ್ತು. ದಾರಿಯಲ್ಲಿ ನಾನು, “ಮೈಸೂರ್ಗಾರೂ ಓಗನ” ಎಂದೆ. “ತಿಳಿದೋರೇ ಬ್ಯಾಡ ಅಂದ್ರಲ್ಲ” ಎಂದರು. ನಾನು ಒತ್ತಾಯಿಸಲಿಲ್ಲ. ಆ ತಪ್ಪನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಎಲೆಕೋಸಿನ ಮೂಟೆ ಇಳಿಸಿ, ಎದೆ ನೀವಿಕೊಳ್ಳುತ್ತ ಕೂತರಂತೆ. ಜೊತೆಗೆ ಮೂಟೆ ಹೊರುವ ಶಿವರಾಮು, “ಗ್ಯಾಸು ಕಣ್ಲಾ, ಕುಡಿ” ಎಂದು ಸೋಡಾ ತಂದುಕೊಟ್ಟ. ಬಾಟಲಿ ಅರ್ಧವೂ ಖಾಲಿಯಾಗಲಿಲ್ಲ. ನಲವತ್ತೆರಡು ವರ್ಷ. ಶಿವರಾಮುವನ್ನು ನಾನು ದೂರುವುದಿಲ್ಲ. ಅವನು ವೈದ್ಯಶಾಸ್ತ್ರ ಓದಿಲ್ಲ. ನೀವು ಓದಿದ್ದೀರಲ್ಲವೇ? ಮನುಷ್ಯನ ಕುಲ ನೋಡಿ, ಸೂಜಿ ಚುಚ್ಚದೆಯೇ ಅವನ ರಕ್ತದಲ್ಲಿ ಏನಿದೆಯೆಂದು ತಿಳಿಯುವ ಅಮೋಘ ವಿದ್ಯೆಯನ್ನು ತಮ್ಮ ಇಲಾಖೆ ಎಲ್ಲಿ ಕಲಿಸುತ್ತದೆ?

ಆಮೇಲೆ ಹನ್ನೆರಡು ವರ್ಷದ ಮಗಳು ಪವಿತ್ರಳನ್ನು ಮೈಸೂರಿಗೆ ಕರೆದೊಯ್ದೆ. ಅವಳ ಕೊಲೆಸ್ಟ್ರಾಲ್ ಮುನ್ನೂರ ಮೂವತ್ತು. ವಂಶದಿಂದ ಬಂದದ್ದು, ದಿನಾ ಮಾತ್ರೆ ನುಂಗಿದರೆ ಹತೋಟಿಗೆ ಬರುತ್ತದೆ ಎಂದರು ವೈದ್ಯೆ. “ಮೊದಲೇ ಗೊತ್ತಾಗಿದ್ದರೆ ಇವರಪ್ಪನೂ...” ಎಂದವರು ಮಗುವಿನ ಮುಖ ನೋಡಿ ಮಾತ್ರೆಯ ಚೀಟಿ ಬರೆಯತೊಡಗಿದರು.

ನನ್ನ ಆಗ್ರಹ ಇಷ್ಟೇ. ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡ ಯಾರನ್ನೂ ರಕ್ತ ತೆಗೆಯದೆ ಶಿಬಿರದಿಂದ ಕಳಿಸಕೂಡದೆಂದು ಲಿಖಿತ ಆದೇಶ ಹೊರಡಿಸಿ. ಹಳಿಯಾಳದಲ್ಲಿರುವ ನನ್ನ ನಾದಿನಿಯರ, ಅವರ ಮಕ್ಕಳ ಮನೆಬಾಗಿಲಿಗೆ ಈ ತಿಂಗಳೇ ಸಿಬ್ಬಂದಿ ಕಳಿಸಿ. ಅವರಲ್ಲಿ ಇಬ್ಬರಿಗೆ ಈಗಲೇ ರೆಪ್ಪೆಯ ಮೇಲೆ ಹಳದಿ ಕಾಣಿಸಿಕೊಂಡಿದೆ.

ಮೊನ್ನೆ ಮಾತ್ರೆ ಕೈಯಲ್ಲಿ ಹಿಡಿದು ಪವಿತ್ರ ಕೇಳಿದಳು, “ಅವ್ವ, ಅಪ್ಪ ಇದ್ದಾಗ್ಲೂ ಈ ಮಾತ್ರೆ ಇತ್ತಾ?”

ಇತ್ತು ಎಂದೆ. “ಮತ್ತ್ಯಾಕ್ ಕೊಡ್ನಿಲ್ಲ?” ಎಂದಳು. ಇದಕ್ಕೆ ಉತ್ತರವನ್ನು ತಾವೇ ಬರೆದು ಕಳಿಸಿ. ಅವಳಿಗೆ ಓದಲು ಬರುತ್ತದೆ.

ಇಂತಿ,
ಪವಿತ್ರಳ ತಾಯಿ
ದಾನೇಶ್ವರಿ
ಭೀಮನಬೀಡು, ಗುಂಡ್ಲುಪೇಟೆ ತಾಲ್ಲೂಕು