ಎರಡು ಸಲ ಬಿದ್ದ ಕರಿ ಗೋಲಿ

ಮಧುಗಿರಿ
26–6–2024, ಬುಧವಾರ ಬೆಳಿಗ್ಗೆ

ಪ್ರೀತಿಯ ಶ್ರೀಲತಾ,

ಹೇಗಿದ್ದೀಯ? ಸಹನಾಳಿಗೆ ಎದೆಹಾಲು ಸಾಕಷ್ಟು ಬರುತ್ತಿದೆಯೇ? ಮಗು ರಾತ್ರಿಯೆಲ್ಲ ಅಳುತ್ತದೆ ಎಂದಿದ್ದೆಯಲ್ಲ, ಬಜೆ ತೇಯ್ದು ನೆಕ್ಕಿಸಿದಿರೋ ಇಲ್ಲ ಡಾಕ್ಟರು ಬೇಡವೆಂದು ಗದರಿದರೋ? ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ಬಾಣಂತಿಗೆ ನೀರು ಹಾಕುವ ಭರದಲ್ಲಿ ನೀನೇ ಜಾರಿ ಬಿದ್ದರೆ ಪಾವಗಡದಲ್ಲಿ ಇಬ್ಬರಿಗೆ ಬಾಣಂತನ ಮಾಡಬೇಕಾದೀತು. ನನ್ನ ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಶುಗರ್ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಫೋನು ಮಾಡದೆ ಕಾಗದ ಯಾಕೆ ಬರೆದರು ಎಂದುಕೊಳ್ಳುತ್ತೀಯ. ಆ ಮನೆಯಲ್ಲಿ ಫೋನೆತ್ತಿದ ತಕ್ಷಣ ಸ್ಪೀಕರ್ ಹಾಕಿಬಿಡುತ್ತಾರೆ, ನಾನು ಹಲೋ ಎನ್ನುವಷ್ಟರಲ್ಲಿ ಬೀಗಿತ್ತಿಯವರು ‘ಬಾಗುನ್ನಾರಾ ಅನ್ನಯ್ಯಾ, ತಿಂಡಿ ಆಯ್ತಾ’ ಎಂದು ತೆಲುಗು ಬೆರೆಸಿ ಅಡುಗೆಮನೆಯಿಂದಲೇ ಕೂಗುತ್ತಾರೆ. ಪಾಪ, ಒಳ್ಳೆಯ ಹೆಂಗಸು. ಆದರೆ ಇದು ನಿನ್ನೊಬ್ಬಳಿಗೇ ಹೇಳಬೇಕಾದ ಮಾತು.

ಲಾಡ್ಜಿನ ವಿಷಯ. ಹನ್ನೊಂದು ವರ್ಷದಿಂದ ಎರಡನೇ ಶನಿವಾರ ಬಂತೆಂದರೆ ಕರಿ ಪ್ಯಾಂಟು ಇಸ್ತ್ರಿ ಮಾಡಿಸಿಕೊಂಡು ಹೊರಡುತ್ತಿದ್ದೆನಲ್ಲ, ‘ಅಷ್ಟೊಂದು ಗಂಡಸ್ರು ಬಾಗ್ಲಾಕ್ಕೊಂಡು ಅದೇನ್ ಮಾಡ್ತೀರೋ’ ಎಂದು ನೀನು ಕೇಳಿದಾಗಲೆಲ್ಲ ದೊಡ್ಡ ಮನುಷ್ಯನ ಹಾಗೆ ನಗುತ್ತಿದ್ದೆ. ಒಳಗಿನದನ್ನು ಹೆಂಡತಿಗೂ ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ್ದೆ. ಆ ಪ್ರಮಾಣಕ್ಕಿಷ್ಟು ಬೆಂಕಿ ಬೀಳಲಿ, ಕೇಳು. ಫ್ರೀಮೇಸನ್ನರು ಎಂದರೆ ಹದಿನಾಲ್ಕು ಜನ ನಾವು, ಹುಟ್ಟಿದಾಗಿನಿಂದ ಗಾರೆ ಮುಟ್ಟದವರು, ಸೊಂಟಕ್ಕೆ ಬಿಳಿ ಏಪ್ರನ್ ಕಟ್ಟಿಕೊಂಡು, ಮೂಲೆಮಟ್ಟ ಕೈವಾರಗಳನ್ನು ಮುಂದಿಟ್ಟುಕೊಂಡು, ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆಯುತ್ತೇವೆ. ಎಂದೋ ಯಾವುದೋ ದೇಶದಲ್ಲಿ ಕಲ್ಲುಕೆಲಸದವರು ಕಟ್ಟಿಕೊಂಡ ಕೂಟವಂತೆ ಇದು. ಜಾತಿ, ಮತ, ಸಂಬಳ, ಎಲ್ಲವೂ ಬಾಗಿಲ ಹೊರಗೆ. ಆ ಮಾತಿಗೇ ಮರುಳಾಗಿ ನಾನು ಸೇರಿದ್ದು. ಆ ಕಲ್ಲುಕೆಲಸದವರು ನಂಬಿದ ಸಂತ ಜಾನ್. ಕಾಡಿನಲ್ಲಿ ಮಿಡತೆ, ಜೇನು ತಿಂದುಕೊಂಡಿದ್ದು, ರಾಜನ ಮುಖದ ಮೇಲೆ ಹೊಡೆದ ಹಾಗೆ ನಿಜ ಹೇಳಿ ತಲೆ ಕೊಟ್ಟವನು. ಜೂನ್ ಇಪ್ಪತ್ತನಾಲ್ಕು ಅವನ ದಿನ. ಅಂದು ಮಧ್ಯಾಹ್ನ ಊಟಕ್ಕೆ ಮುಂಚೆ ಒಂದೇ ಬೆಳ್ಳಿ ಚಮಚದಲ್ಲಿ ನಮ್ಮ ಬೆಟ್ಟದ ಜೇನನ್ನು ಹದಿನಾಲ್ಕು ಜನವೂ ಒಬ್ಬರ ನಂತರ ಒಬ್ಬರು ನೆಕ್ಕಬೇಕು, ಅದು ನಮ್ಮ ಲಾಡ್ಜಿನ ಪದ್ಧತಿ. ಇನ್ನೊಂದು ಪದ್ಧತಿ ನಿನಗೂ ಗೊತ್ತು. ಹೊಸಬನೊಬ್ಬ ಸೇರಿದರೆ ಅವನ ಹೆಸರು ಸೂಚಿಸಿದವನು ಹೆಂಡತಿಯ ಸಮೇತ ಅವನ ಮನೆಗೆ ಹೋಗಿ ಉಣ್ಣಬೇಕು. ಕುತುಬುದ್ದೀನ್ ಸಾಹೇಬರು ಸೇರಿದಾಗ ನಾವು ಶಿರಾಕ್ಕೆ ಹೋಗಿದ್ದು ಅದಕ್ಕೇ. ಅವರ ಹೆಂಡತಿ ಅಫ್ಜಲುನ್ನೀಸಾ ಅವರು ನಮಗೆಂದೇ ಹೊಸ ಪಾತ್ರೆ ತಂದು ಬರೀ ತರಕಾರಿ ಅಡುಗೆ ಮಾಡಿದ್ದರು. ನೀನು ಉಪವಾಸವೆಂದು ಒಂದು ಬಾಳೆಹಣ್ಣು ತಿಂದು ಎದ್ದೆ, ಬಸ್ಸಿನಲ್ಲಿ ಎರಡು ಪೊಟ್ಟಣ ಬಿಸ್ಕತ್ತು ಖಾಲಿ ಮಾಡಿದೆ. ಅಂದು ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ದೊಡ್ಡೇರಿಯ ಬೈಲಪ್ಪ ನಮ್ಮ ಮನೆಯ ಮೆಟ್ಟಿಲು ಕಡೆದವನು. ಅವನ ಮಗಳು ಸಂಘಮಿತ್ರಾ ನನ್ನ ಕೈಯಲ್ಲೇ ವಿಜ್ಞಾನ ಕಲಿತು ಈಗ ಕೊಡಿಗೇನಹಳ್ಳಿಯಲ್ಲಿ ಮೇಡಂ ಆಗಿದ್ದಾಳೆ. ಹೋದ ವರ್ಷ ಲಾಡ್ಜಿಗೆ ಎರಡು ಕಲ್ಲು ಬೇಕಾಗಿತ್ತು, ಒಂದು ಒರಟು, ಒಂದು ನಯ. ಬೈಲಪ್ಪನೇ ಕಡೆದುಕೊಟ್ಟ. ಇದೆಲ್ಲ ಯಾತಕ್ಕೆ ಸಾ ಎಂದ. ಒರಟು ಕಲ್ಲೆಂದರೆ ನಾವು ಬರುವಾಗ ಇರುವ ರೀತಿ, ನಯವಾದದ್ದು ತಿದ್ದಿಕೊಂಡ ಮೇಲಿನ ರೀತಿ ಎಂದು ಮೇಷ್ಟರ ಧಾಟಿಯಲ್ಲಿ ವಿವರಿಸಿದೆ. ಅವನು ಬಿದ್ದು ಬಿದ್ದು ನಕ್ಕ. ‘ಒರಟೇ ವಾಸಿ ಕಣ್ ಸಾ, ಗಾರೆ ಹಿಡ್ಕಳಾದು ಅದ್ಕೇಯ. ನುಣ್ಣಗಿರಾದು ಜಾರೋಯ್ತದೆ’ ಎಂದ. ಹನ್ನೊಂದು ವರ್ಷದಲ್ಲಿ ಆ ಲಾಡ್ಜಿನಲ್ಲಿ ನಾನು ಕೇಳಿದ ಒಂದೇ ಒಂದು ಬುದ್ಧಿಯ ಮಾತು ಅದು. ಸ್ವಲ್ಪ ಹೊತ್ತಾದ ಮೇಲೆ ತಲೆ ಕೆರೆದುಕೊಂಡು, ‘ನಾನೂ ಕಲ್ ಕೆಲ್ಸದೋನೇ ಅಲ್ವಾ ಸಾ, ನಿಮ್ ಸಂಗ್ತಾಗೆ ಕೂತ್ಕಬೋದಾ?’ ಎಂದ. ನನಗೆ ಕಣ್ಣಲ್ಲಿ ನೀರೇ ಬಂತು. ನಾನೇ ಅವನ ಹೆಸರು ಸೂಚಿಸಿದೆ. ಅರ್ಜಿ ತುಂಬಿದ್ದು ಸಂಘಮಿತ್ರಾ. ಐವತ್ತೆಂಟನೇ ವಯಸ್ಸಿಗೆ ಬೈಲಪ್ಪ ಮೊದಲನೇ ಸಲ ಕರಿ ಪ್ಯಾಂಟು ಹೊಲಿಸಿದ.

ಈ ತಿಂಗಳ ಎಂಟನೇ ತಾರೀಖು ಮತ ಹಾಕಿದೆವು. ಒಂದು ಮರದ ಪೆಟ್ಟಿಗೆ, ಒಳಗೆ ಕೈ ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಒಂದು ಗುಳಿಯಲ್ಲಿ ಬಿಳಿ ಗೋಲಿ, ಇನ್ನೊಂದರಲ್ಲಿ ಕರಿ. ಬಿಳಿ ಗೋಲಿ ಹಾಕಿದರೆ ಬರಲಿ ಎಂದು, ಕರಿ ಗೋಲಿ ಹಾಕಿದರೆ ಬೇಡ ಎಂದು. ಹದಿನಾಲ್ಕರಲ್ಲಿ ಒಂದು ಕರಿ ಬಿದ್ದರೂ ಮುಗಿಯಿತು, ಯಾರು ಹಾಕಿದ್ದೆಂದು ಕೇಳುವ ಹಾಗಿಲ್ಲ, ಹೇಳುವ ಹಾಗೂ ಇಲ್ಲ. ಈ ವರ್ಷದ ಮಾಸ್ಟರ್ ಶಂಕರಲಿಂಗಪ್ಪ, ಕಡಲೆಕಾಯಿ ಎಣ್ಣೆ ಮಿಲ್ಲಿನವರು, ಪೆಟ್ಟಿಗೆ ತೆರೆದು ನೋಡಿ ಮುಖ ಸಣ್ಣ ಮಾಡಿದರು. ಒಂದು ಕರಿ. ಕತ್ತಲಲ್ಲಿ ಕೈತಪ್ಪಿರಬಹುದು, ಇನ್ನೊಮ್ಮೆ ಹಾಕೋಣ ಎಂದರು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಇನ್ನೊಮ್ಮೆ ಪೆಟ್ಟಿಗೆ ಸುತ್ತಿತು. ಮತ್ತೆ ಹದಿಮೂರು ಬಿಳಿ, ಒಂದು ಕರಿ. ಕಾರ್ಯದರ್ಶಿಯೆಂದು ದೊಡ್ಡೇರಿಗೆ ಹೋಗಿ ಹೇಳುವ ಕರ್ಮ ನನ್ನ ಪಾಲಿಗೇ ಬಂತು. ಬೈಲಪ್ಪ ಉಳಿ ಕೆಳಗಿಟ್ಟು ಕೇಳಿಸಿಕೊಂಡ. ‘ಹದಿಮೂರ್ ಜನ ಒಪ್ಪವ್ರಲ್ಲ ಸಾ, ಅಷ್ಟೇ ಸಾಕು ಬುಡಿ. ನೀವ್ ಬ್ಯಾಸ್ರ ಮಾಡ್ಕಬ್ಯಾಡಿ’ ಎಂದು ನನಗೇ ಸಮಾಧಾನ ಹೇಳಿದ.

ಆಮೇಲೆ ಶುರುವಾಯಿತು ಹೊಲಸು. ಯಾರು ಹಾಕಿದ್ದೆಂದು ಕೇಳಬಾರದೆಂಬ ನಿಯಮ ಬಾಗಿಲ ಒಳಗೆ ಮಾತ್ರ. ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನಮ್ಮ ಇನ್ನೊಬ್ಬ ಬ್ರದರ್, ಲಾಯರ್ ರಂಗೇಶ್, ‘ಇನ್ಯಾರ್ ಸಾರ್, ಶಿರಾದೋರೇ. ಅವರ್ದು ಗ್ರಾನೈಟ್ ಅಂಗ್ಡಿ, ಇವನ್ದು ಕೈಗೆಲ್ಸ. ಪೈಪೋಟಿ ಇರಲ್ವಾ’ ಎಂದ. ಸುತ್ತ ಇದ್ದವರೆಲ್ಲ ತಲೆಯಾಡಿಸಿದರು. ಒಬ್ಬನಾದರೂ ಅದೆಲ್ಲಿ ಕಂಡಿರಿ ಎಂದು ಕೇಳಲಿಲ್ಲ. ಹದಿನಾಲ್ಕು ಜನರಲ್ಲಿ ಮುಸಲ್ಮಾನ ಒಬ್ಬರೇ ಇದ್ದಿದ್ದು ಎಲ್ಲರಿಗೂ ಎಷ್ಟು ಅನುಕೂಲವಾಯಿತು ನೋಡು! ಥೂ.

ಮೊನ್ನೆ ಸೋಮವಾರ ಜಾನ್ ಸಂತನ ದಿನ. ಬಿಳಿ ಬಟ್ಟೆ ಹಾಸಿದ ಮೇಜು, ಸಂತನ ಪಟಕ್ಕೆ ಸೇವಂತಿಗೆ ಹಾರ, ಊದುಬತ್ತಿ. ಶಂಕರಲಿಂಗಪ್ಪನವರು ಸೋದರತೆಯ ಬಗ್ಗೆ ಇಪ್ಪತ್ತು ನಿಮಿಷ ಭಾಷಣ ಬಿಗಿದರು. ಕುತುಬುದ್ದೀನ್ ಸಾಹೇಬರು ಎದ್ದು, ಈ ಜಾನ್ ನಮ್ಮಲ್ಲೂ ಇದ್ದಾರೆ, ಯಾಹ್ಯಾ ಅಲೈಹಿಸ್ಸಲಾಂ ಎನ್ನುತ್ತೇವೆ, ದೊಡ್ಡ ಪೈಗಂಬರರು ಎಂದು ಎಷ್ಟು ಪ್ರೀತಿಯಿಂದ ಹೇಳಿದರು. ಒಂದು ಚಪ್ಪಾಳೆ ಇಲ್ಲ. ಜೇನಿನ ಚಮಚ ಅವರ ಬಾಯಿಂದ ಮುಂದಕ್ಕೆ ಬಂತು ನೋಡು, ಪಕ್ಕದಲ್ಲಿದ್ದ ರಂಗೇಶ್ ಜೇಬಿನಿಂದ ಕರ್ಚೀಫು ತೆಗೆದು ಅದನ್ನು ಒರೆಸಿದ. ಎಲ್ಲರೆದುರಿಗೆ, ನಿಧಾನಕ್ಕೆ, ಎರಡೂ ಕಡೆ ಒರೆಸಿದ. ಅವನ ನಂತರದ ಇಬ್ಬರು ಶುಗರ್ ಇದೆ ಎಂದು ಚಮಚವನ್ನೇ ಮುಟ್ಟಲಿಲ್ಲ, ಅವರೇ ಹತ್ತು ನಿಮಿಷ ಬಿಟ್ಟು ಎರಡೆರಡು ಜಾಮೂನು ನುಂಗಿದರು. ಕೈ ತೊಳೆಯುವ ಕಡೆ ಸಾಹೇಬರು ನನ್ನ ಹತ್ತಿರ ಬಂದು, ‘ಅಣ್ಣಾ, ನೀವ್ ಸೆಕ್ರೆಟ್ರಿ. ನಾನ್ ಹಾಕ್ಲಿಲ್ಲ ಅಂತ ನೀವಾದ್ರೂ ಒಂದ್ ಮಾತು ಹೇಳಿ. ಖುದಾ ಕಸಂ, ಬಿಳೀದೇ ಹಾಕ್ದೆ’ ಎಂದರು. ಅವರ ಗಡ್ಡದ ಮೇಲೆ ನೀರಿತ್ತೋ ಕಣ್ಣೀರಿತ್ತೋ ನಾನು ನೋಡಲಿಲ್ಲ. ಗುಟ್ಟಿನ ಮತ ಸಾಹೇಬರೇ, ಅದರ ಮಾತು ಆಡಬಾರದು ಎಂದೆ. ಅವರು ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಡಿಸಿ ನನ್ನ ಕೈಯಲ್ಲಿಟ್ಟು, ಊಟ ಮಾಡದೆ ಶಿರಾ ಬಸ್ಸು ಹತ್ತಿದರು.

ಇಷ್ಟು ಹೊತ್ತು ಅವರನ್ನು ಬೈದೆ, ಇವರನ್ನು ಬೈದೆ. ರಂಗೇಶನ ಕರ್ಚೀಫಿಗೆ ಹೇಸಿಕೊಂಡೆ. ಎಲ್ಲರಿಗಿಂತ ಹೇಸಿಗೆಯವನು ಈ ಕಾಗದ ಬರೆಯುತ್ತಿದ್ದಾನೆ. ಆ ಕರಿ ಗೋಲಿ ಹಾಕಿದ್ದು ನಾನು, ಶ್ರೀಲತಾ.

ನೀನು ಪಾವಗಡಕ್ಕೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆಯಲ್ಲ, ‘ಬೈಲಪ್ಪನ್ನ ಸೇರ್ಸ್ಕೊಳ್ಳಿ, ನಂದೇನಿಲ್ಲ. ಆ ಕೇರೀಲಿ ಕೂತು ಉಣ್ಣು ಅಂತ ನನ್ನ ಕರೀಬೇಡಿ. ನೀವ್ ಉಂಡ್ಬಂದ್ರೆ ನನ್ ಅಡುಗೆಮನೆಗೆ ಕಾಲಿಡ್ಬೇಡಿ.’ ಪೆಟ್ಟಿಗೆಯೊಳಗೆ ಕೈ ಬಿಟ್ಟಾಗ ಆ ಮಾತು ನೆನಪಾಯಿತು. ಆದರೆ ನಿನ್ನ ಮೇಲೆ ಹಾಕಿ ನುಣುಚಿಕೊಳ್ಳುವುದಿಲ್ಲ. ನಿನ್ನ ಮಾತಿಗಿಂತ ಮುಂಚೆ ನನ್ನ ಹೊಟ್ಟೆಯೇ ಬೇಡವೆಂದಿತು. ಮೂವತ್ತಾರು ವರ್ಷ ಮಕ್ಕಳಿಗೆ ರಕ್ತ ಎಲ್ಲರದೂ ಒಂದೇ ಎಂದು ಬೋರ್ಡಿನ ಮೇಲೆ ಬರೆದವನ ಹೊಟ್ಟೆ, ಬೈಲಪ್ಪನ ಮನೆಯ ತಟ್ಟೆ ನೆನೆಸಿಕೊಂಡು ಹಿಂಡಿತು. ಮೊದಲನೇ ಸಲ ಹೆದರಿಕೆಯಲ್ಲಿ ಹಾಕಿದೆ ಎಂದುಕೊಳ್ಳೋಣ. ಎರಡನೇ ಸಲ ಪೆಟ್ಟಿಗೆ ಬಂತಲ್ಲ, ದೇವರು ಕೊಟ್ಟ ಹಾಗೆ ಇನ್ನೊಂದು ಅವಕಾಶ ಬಂತಲ್ಲ, ಆಗ ಬೆರಳಲ್ಲಿ ತಡಕಾಡಿ, ಯಾವುದು ಯಾವ ಗುಳಿಯಲ್ಲಿದೆ ಎಂದು ಸರಿಯಾಗಿ ತಿಳಿದುಕೊಂಡೇ ಕರಿಯದನ್ನು ಹಾಕಿದೆ. ಆಮೇಲೆ ಹದಿನಾರು ದಿನ ಸಾಹೇಬರ ಮೇಲೆ ಜನ ಉಗಿಯುವುದನ್ನು ನೋಡಿಕೊಂಡು ಕಾಫಿ ಕುಡಿದೆ.

ಇನ್ನು ಆಗುವುದಿಲ್ಲ. ನಿನ್ನೆ ಲಾಡ್ಜಿಗೆ ನಾಲ್ಕು ಸಾಲು ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ, ಕರಿ ಗೋಲಿ ನನ್ನದು, ಕುತುಬುದ್ದೀನ್ ಸಾಹೇಬರದಲ್ಲ, ಎಲ್ಲರೆದುರು ಓದಿ ಎಂದು. ನಾಳೆ ಶಿರಾಕ್ಕೆ ಹೋಗಿ ಸಾಹೇಬರ ಕಾಲು ಹಿಡಿಯುತ್ತೇನೆ. ಇವತ್ತು ಹನ್ನೊಂದರ ಬಸ್ಸಿಗೆ ದೊಡ್ಡೇರಿಗೆ. ಬೈಲಪ್ಪನ ಮುಂದೆ ನಿಂತು ನಿಜ ಹೇಳಿ, ಅವರ ಮನೆಯಲ್ಲಿ ಕೂತು ಉಂಡೇ ಬರುತ್ತೇನೆ. ಆಮೇಲೆ ನೀನು ಅಡುಗೆಮನೆಗೆ ಬಿಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಹಜಾರದಲ್ಲಿ ಒಂದು ಸ್ಟವ್ ಇಟ್ಟುಕೊಳ್ಳುತ್ತೇನೆ. ಕೋಪ ಮಾಡಿಕೊಂಡು ಬಾಣಂತಿಯನ್ನು ಬಿಟ್ಟು ಓಡಿಬರಬೇಡ.

ಸಹನಾಳಿಗೂ ಕೂಸಿಗೂ ಈ ಮುದುಕನ ಆಶೀರ್ವಾದ. ಅಳಿಯಂದಿರಿಗೆ, ಬೀಗರಿಗೆ, ಬೀಗಿತ್ತಿಯವರಿಗೆ ಕೇಳಿದೆನೆಂದು ಹೇಳು. ಮಗುವಿಗೆ ದೃಷ್ಟಿ ತೆಗೆಯುವುದನ್ನು ಮರೆಯಬೇಡ.

ಇಂತಿ ನಿನ್ನ,
ಲಕ್ಷ್ಮೀಪತಿ

ತಾ.ಕ.: ದೊಡ್ಡೇರಿ ಬಸ್ ಸ್ಟಾಪಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಎಲ್ಲ ಹೇಳಿದೆ. ಬೈಲಪ್ಪ ಬೈಯಲಿಲ್ಲ. ‘ಎಲ್ಡ್ ಸಲಾನೂ ನೀವೇನಾ ಸಾ?’ ಎಂದು ಒಂದೇ ಮಾತು ಕೇಳಿದ. ಹೌದೆಂದೆ. ಎದ್ದು ಕಲ್ಲಿನ ಹತ್ತಿರ ಹೋಗಿ ಕೂತುಬಿಟ್ಟ. ನಾನು ನಾಚಿಕೆ ಬಿಟ್ಟು ಅವನ ಹೆಂಡತಿ ಚಿಕ್ಕಹನುಮಕ್ಕನ ಹತ್ತಿರ ಬಾಯಿಬಿಟ್ಟು ಕೇಳಿದೆ, ಹಸಿವಾಗಿದೆ ಕಣಮ್ಮ, ಒಂದು ತುತ್ತು ಹಾಕು ಎಂದು. ಅವಳು ಬಾಗಿಲಿಗೆ ಅಡ್ಡ ನಿಂತು, ‘ಅಡಿಗೆ ಆಗಿಲ್ಲ ಕಣಪ್ಪ’ ಎಂದಳು. ಆಗ ಮಧ್ಯಾಹ್ನ ಒಂದೂವರೆ. ಒಳಗೆ, ಇವತ್ತು ಸ್ಕೂಲಿಗೆ ರಜೆ ಹಾಕಿದ್ದ ಸಂಘಮಿತ್ರಾ ಮುದ್ದೆ ತೊಳಸುವ ಸದ್ದು ನನಗೂ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು.