ಆಲಿಯಾಳ ಹಾಲಿನಲ್ಲಿ ರೋಗವಿರಲಿಲ್ಲ

ಸೋಂಕು ನಿಯಂತ್ರಣ ತರಬೇತಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಹೋದ ತಿಂಗಳು ನಿಮ್ಮ ಆದೇಶ ಕೈಸೇರಿತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ವೈದ್ಯರಿಗೂ ನರ್ಸಿಂಗ್ ವಿದ್ಯಾರ್ಥಿಗಳಿಗೂ ಸಾಂಕ್ರಾಮಿಕ ಕಾಲದ ಮಾರ್ಗಸೂಚಿ ಕಲಿಸಲು ನನ್ನನ್ನು ಮುಖ್ಯ ತರಬೇತುದಾರನನ್ನಾಗಿ ನೇಮಿಸಿದ್ದೀರಿ. ಕಾರಣ, ಕೊರೊನಾ ಕಾಲದಲ್ಲಿ ನೀವು ನಡೆಸಿದ ಆನ್‌ಲೈನ್ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ನೂರು ಅಂಕ. ಆ ಮಾರ್ಗಸೂಚಿಯನ್ನು ನಾನು ಓದಿಯೇ ಇರಲಿಲ್ಲ. ಇದನ್ನು ನಿಮ್ಮ ಕೋಣೆಗೆ ಬಂದು ಗುಟ್ಟಾಗಿ ಹೇಳಬಹುದಿತ್ತು. ಆದರೆ ನನ್ನ ತಪ್ಪು ನಡೆದದ್ದು ವಾರ್ಡಿನ ನಡುವೆ, ಎಲ್ಲರೆದುರು. ಅದಕ್ಕೇ ಈ ಬಹಿರಂಗ ಪತ್ರ.

ಪರೀಕ್ಷೆ ಹೇಗೆ ನಡೆಯಿತೆಂದು ನಿಮಗೆ ತಿಳಿದಿಲ್ಲವೇ? ಅರವತ್ತು ಪುಟಗಳ ಇಂಗ್ಲಿಷ್ ಕಡತವನ್ನು ಫೋನಿಗೆ ಕಳಿಸಿದಿರಿ. ಅದರ ಹಿಂದೆ ತಿದ್ದುಪಡಿ, ತಿದ್ದುಪಡಿಗೊಂದು ತಿದ್ದುಪಡಿ. ಪರೀಕ್ಷೆಗೆ ಮೊದಲೇ ಇಪ್ಪತ್ತೂ ಪ್ರಶ್ನೆಗಳ ಉತ್ತರಗಳು ನಮ್ಮ ವಾಟ್ಸಾಪ್ ಗುಂಪಿಗೆ ಬಂದಿದ್ದವು. ಚಹಾ ಕುಡಿಯುತ್ತ ಒತ್ತಿದೆ, ಪ್ರಮಾಣಪತ್ರ ಬಂತು. ಗುಂಪಿನ ನಲವತ್ತು ವೈದ್ಯರು ಒಂದೇ ಸಂಜೆ ಪರಿಪೂರ್ಣರಾದದ್ದನ್ನು ಕಂಡು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನುಮಾನ ಹುಟ್ಟಲಿಲ್ಲವೆಂದರೆ, ಅದನ್ನು ನಂಬಿಕೆ ಎನ್ನಬೇಕೋ ಸೋಮಾರಿತನ ಎನ್ನಬೇಕೋ? ನನ್ನ ಸೋಮಾರಿತನದ ಫಲವನ್ನಂತೂ ಕಣ್ಣಾರೆ ಕಂಡಿದ್ದೇನೆ.

2021ರ ಮೇ ತಿಂಗಳು. ಅಂಬೇವಾಡಿಯ ಆಲಿಯಾ, ಮೆಕ್ಯಾನಿಕ್ ಮನ್ಸೂರನ ಹೆಂಡತಿ, ನಾನಿದ್ದ ಆಸ್ಪತ್ರೆಯಲ್ಲಿ ಚೊಚ್ಚಲ ಹೆಣ್ಣುಮಗುವನ್ನು ಹೆತ್ತಳು. ಮರುದಿನ ಅವಳ ವರದಿ ಪಾಸಿಟಿವ್ ಬಂತು. ಸಣ್ಣ ಜ್ವರ, ಕೆಮ್ಮು, ಅಷ್ಟೇ. ಕೂಸನ್ನು ಅವಳ ಮಗ್ಗುಲಿನಿಂದ ಎತ್ತಿಸಿ, ಹೊರಗೆ ನಿಂತಿದ್ದ ಅವಳ ತಾಯಿ ಖೈರುನ್ನಿಸಾಳ ಕೈಗೆ ಕೊಡಿಸಿದೆ.

"ಸಾಹೇಬ್ರ, ಒಮ್ಮೆ ಹಾಲು ಕುಡಿಸಿ ಕೊಟ್ಟಬಿಡ್ತೇನ್ರಿ," ಎಂದಳು ಆಲಿಯಾ.

"ನಿನ್ನ ಹಾಲಿನ್ಯಾಗ ರೋಗ ಐತಿ. ಕೂಸು ಉಳೀಬೇಕೋ ಬ್ಯಾಡೋ?" ಎಂದೆ.

ನನ್ನ ಹಿಂದೆ ನರ್ಸಿಂಗ್ ವಿದ್ಯಾರ್ಥಿನಿ ದಾನೇಶ್ವರಿ ನಿಂತಿದ್ದಳು. ನೀವು ಕಳಿಸಿದ ಅರವತ್ತು ಪುಟಗಳಲ್ಲಿ ಬೇಕಾದದ್ದನ್ನು ಅವಳು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಳು. ಅದನ್ನು ತೆರೆದು ಮುಂದೆ ಹಿಡಿದಳು.

"ಸರ್, ಮಾಸ್ಕ್ ಹಾಕ್ಕೊಂಡು, ಕೈ ತೊಳಕೊಂಡು ಕುಡಸಬಹುದಂತ ಬರದಾರ್ರಿ. ತಾಯಿ, ಕೂಸು ಒಂದ ಕಡೆ ಇರಬಹುದಂತ್ರಿ."

"ನೀ ಎಷ್ಟನೇ ವರ್ಷದಾಕಿ?"

"ಎರಡನೇ ವರ್ಷ ರೀ."

"ಹಂಗಾರ ನನಗ ಪಾಠ ಮಾಡಬ್ಯಾಡ."

ಅವಳು ನೋಟ್‌ಬುಕ್ ಮುಚ್ಚಿದಳು. ಆ ಪುಟದತ್ತ ನಾನು ಕಣ್ಣು ಕೂಡ ಹಾಯಿಸಲಿಲ್ಲ. ನನಗೆ ಗೊತ್ತಿಲ್ಲವೆಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಭಯವಿತ್ತು, ವೈರಾಣುವಿನ ಭಯವಲ್ಲ.

ಹನ್ನೆರಡು ದಿನ ಅವರನ್ನು ಅಗಲಿಸಿಟ್ಟೆ. ಎದೆ ಕಟ್ಟಿಕೊಂಡು ಆಲಿಯಾ ನರಳಿದಾಗ ಹಾಲು ಬತ್ತಿಸುವ ಮಾತ್ರೆಯನ್ನು ನಾನೇ ಬರೆದುಕೊಟ್ಟೆ. ಪುಡಿಹಾಲು ಒಗ್ಗದೆ ಕೂಸಿಗೆ ಭೇದಿ ಹತ್ತಿತು. ನಾಲ್ಕು ದಿನ ಹುಬ್ಬಳ್ಳಿಯಲ್ಲಿ ಗ್ಲೂಕೋಸ್ ಹಾಕಿಸಿದರು. ಉಳಿಯಿತು. ನಾನು ಎಚ್ಚರ ವಹಿಸಿದ್ದರಿಂದಲೇ ಉಳಿಯಿತೆಂದು ಮನ್ಸೂರ ಬಂದು ಕೈಮುಗಿದ. ಮಾನ್ಯರೇ, ಆ ನಮಸ್ಕಾರವನ್ನು ನಾನು ಸ್ವೀಕರಿಸಿದೆ.

ನಿಮ್ಮ ಆದೇಶ ಬಂದ ಮೇಲೆ, ಪಾಠ ಮಾಡಬೇಕಲ್ಲ ಎಂದು, ಮೊದಲ ಬಾರಿ ಆ ಕಡತ ಓದಿದೆ. ದಾನೇಶ್ವರಿ ಹೇಳಿದ್ದೇ ಅಲ್ಲಿತ್ತು. ಅದರ ಮುಂದಿನ ಭಾನುವಾರ ಅಂಬೇವಾಡಿಗೆ ಹೋದೆ. ಅಂದು ಹುಟ್ಟಿದ ಮಗಳು ಬಾಗಿಲಲ್ಲಿ ಆಡುತ್ತಿದ್ದಳು. ಆಲಿಯಾಳ ತೊಡೆಯ ಮೇಲೆ ಆರು ತಿಂಗಳ ಗಂಡುಕೂಸು, ಅದರ ಬಾಯಲ್ಲಿ ಬಾಟಲಿ. ನಡೆದದ್ದನ್ನೆಲ್ಲ ಹೇಳಿದೆ.

"ಅಂದ್ರ ನಾ ಕುಡಸಬಹುದಿತ್ತೇನ್ರಿ?"

"ಕುಡಸಬಹುದಿತ್ತವಾ."

ಅವಳು ತೊಡೆಯ ಮೇಲಿನ ಕೂಸನ್ನು ನೋಡಿದಳು. "ಇವಗೂ ಕುಡಸಲಿಲ್ರಿ. ಈ ಸಲ ನನಗ ಯಾವ ರೋಗನೂ ಇರಲಿಲ್ಲ. ಆದ್ರ ನೀವ ಹೇಳಿದ್ರಲ್ಲಾ, ಹಾಲಿನ್ಯಾಗ ರೋಗ ಐತಿ ಅಂತ. ಅದು ಹೋಗೇತೋ ಇಲ್ಲೋ ಅಂತ ಅಂಜಿಕಿ ಆತ್ರಿ."

ಒಳಗಿನಿಂದ ಖೈರುನ್ನಿಸಾ ಬಂದು ಮೊಮ್ಮಗನನ್ನು ಎತ್ತಿಕೊಂಡಳು. "ಸಾಹೇಬ್ರ, ಇನ್ನ ನೀವು ಹೋಗ್ರಿ," ಎಂದಳು. ಎದ್ದು ಬಂದೆ.

ದಾನೇಶ್ವರಿ ಈಗ ಮುಂಡಗೋಡದಲ್ಲಿ ಸ್ಟಾಫ್ ನರ್ಸ್. ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಆ ತಾಯಿಗೆ ಹೇಳಿದ್ರೇನ್ರಿ ಸರ್?"

ಆದ್ದರಿಂದ ನನ್ನ ನೇಮಕವನ್ನೂ, ಆ ಸಂಜೆ ನಮಗೆಲ್ಲ ಹಂಚಿದ ಪ್ರಮಾಣಪತ್ರಗಳನ್ನೂ ರದ್ದುಮಾಡಿ. ಮಾರ್ಗಸೂಚಿಯನ್ನು ಕನ್ನಡದಲ್ಲಿ ಕೊಡಿ. ತರಬೇತಿ ವಾರ್ಡಿನಲ್ಲೇ ನಡೆಯಲಿ, ದಾನೇಶ್ವರಿಯಂಥವರು ನಡೆಸಲಿ. ಕಲಿಯಲು ನಾನು ಬರುತ್ತೇನೆ. ಇನ್ನೊಂದು ಬೇಡಿಕೆ. ಅವಳ ಹಾಲಿನಲ್ಲಿ ಎಂದೂ ರೋಗವಿರಲಿಲ್ಲವೆಂದು ನಿಮ್ಮ ಕಚೇರಿಯ ಮೊಹರು ಹಾಕಿ ಆಲಿಯಾಳ ಮನೆಗೊಂದು ಪತ್ರ ಕಳಿಸಿ. ನನ್ನ ಬಾಯಿಮಾತನ್ನು ಅವಳು ಇನ್ನು ಏಕೆ ನಂಬಬೇಕು?

ಇಂತಿ,
ತಡವಾಗಿ ಓದಲು ಕುಳಿತ
ಡಾ. ಸಂಜೀವಕುಮಾರ